ನಷ್ಟವಾದ ಶಿಶುಗಳ ಸಂಖ್ಯೆ

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಹತ್ತಿ ವ್ಯಾಪಾರಿಯೊಬ್ಬರು ತೀರಿಕೊಂಡ ತಾಯಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ದವಾಖಾನೆ ಕಟ್ಟಿಸಿದಾಗ ಚಿತ್ತವಾಡ್ಗಿಯ ಜಂಬಮ್ಮ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಹೆರುವುದು ಮನೆಯಲ್ಲಿ, ಸಾಯುವುದೂ ಮನೆಯಲ್ಲಿ ಎನ್ನುವ ಹೆಂಗಸು ಅವಳು. ಆದರೆ ಸೊಸೆ ಪಂಪಮ್ಮ ಹೆತ್ತ ಮೊದಲ ಕೂಸು ಸತ್ತೇ ಹುಟ್ಟಿತು. ಎರಡನೆಯದೂ ಸತ್ತೇ ಹುಟ್ಟಿತು. ಹಂಪಿಯ ವಿರೂಪಾಕ್ಷನಿಗೆ ಮುಡಿಪು ಕಟ್ಟಿದ್ದಾಯಿತು, ಜಂಬುನಾಥನ ಗುಡ್ಡವನ್ನು ಬರಿಗಾಲಲ್ಲಿ ಹತ್ತಿದ್ದಾಯಿತು, ಕಂಪ್ಲಿಯಿಂದ ಹೆಸರಾದ ಸೂಲಗಿತ್ತಿಯನ್ನು ಕರೆಸಿ ಹೊಟ್ಟೆ ನೀವಿಸಿದ್ದೂ ಆಯಿತು. ಇನ್ನು ಮಾಡುವುದಕ್ಕೆ ಏನೂ ಉಳಿಯದೆ ಹೋದಾಗ, ಮೂರನೆಯ ಬಸುರಿಗೆ ಆರು ತಿಂಗಳು ತುಂಬುವ ಹೊತ್ತಿಗೆ, ಜಂಬಮ್ಮ ತಾನಾಗಿಯೇ ಬಾಯಿಬಿಟ್ಟಳು. ಈ ಸಲ ಆ ಡಾಕ್ಟರಮ್ಮನಿಗೆ ಒಮ್ಮೆ ತೋರಿಸಿಬಿಡೋಣ ಅಂದಳು.

ಪಂಪಮ್ಮ ಹೂಂ ಅಂದಳು, ಅಷ್ಟೆ. ಆದರೆ ಅವಳು ಈ ಮಾತಿಗಾಗಿಯೇ ಕಾದಿದ್ದಳು. ದವಾಖಾನೆಯ ಡಾಕ್ಟರು ಹೆಂಗಸು ಎಂದು ಕೇಳಿದ ದಿನದಿಂದ ಅವಳಿಗೆ ಒಂದೇ ಯೋಚನೆ. ಎದೆಯೊಳಗೆ ಇಟ್ಟುಕೊಂಡಿದ್ದನ್ನು ಆ ಹೆಂಗಸಿನ ಮುಂದೆ ಹೇಳಿಬಿಡಬೇಕು.

ಅವಳ ಗಂಡ ಕೊಟ್ರಯ್ಯನದು ಬೆಲ್ಲದ ವ್ಯಾಪಾರ. ಜಂಬಮ್ಮ ಕೊಟ್ಟೂರಿಗೆ ಹರಕೆ ಹೊತ್ತು ಪಡೆದ ಒಬ್ಬನೇ ಮಗ. ಕೆಟ್ಟವನಲ್ಲ, ಜೋರು ಮಾತಿನವನೂ ಅಲ್ಲ. ಮದುವೆಯಾದ ಹೊಸದರಲ್ಲಿ ಬಂಡಿ ಹೂಡಿಸಿಕೊಂಡು ಬಳ್ಳಾರಿಗೆ ಬೆಲ್ಲ ಮಾರಲು ಹೋದವನು ಅಲ್ಲೇ ಕೆಲವು ದಿನ ಉಳಿದು ಬಂದ. ಬಂದ ಮೇಲೆ ಬೇರೆ ಹಾಸಿಕೊಂಡ. ಉಷ್ಣ ಆಗಿದೆ ಅಂದ. ಯಾರೋ ಹಕೀಮ ಕೊಟ್ಟ ಪಾದರಸದ ಗುಳಿಗೆ ನುಂಗಿ ಒಸಡು ಬಾತುಕೊಂಡು, ಬಾಯಿಂದ ಜೊಲ್ಲು ಸುರಿಸುತ್ತ, ಗಂಜಿಯನ್ನೂ ನುಂಗಲಾರದೆ ಮಲಗಿದ. ಆಮೇಲೆ ಎದ್ದು ಓಡಾಡಿದ. ಮುಂದೆ ಕೆಲವು ತಿಂಗಳಿಗೆ ಪಂಪಮ್ಮನಿಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ನೋವಿಲ್ಲದ ಒಂದು ಹುಣ್ಣಾಯಿತು. ಅದು ಒಣಗಿದ ಮೇಲೆ ಅಂಗೈಯಲ್ಲಿ, ಅಂಗಾಲಲ್ಲಿ ತಾಮ್ರದ ಬಣ್ಣದ ಕಲೆಗಳೆದ್ದವು. ರೊಟ್ಟಿ ತಟ್ಟುವಾಗ ಅತ್ತೆಗೆ ಕಾಣದಂತೆ ಅಂಗೈ ಮುಚ್ಚಿಕೊಳ್ಳುತ್ತಿದ್ದಳು. ಅವೂ ತಾವಾಗಿ ಮಾಯವಾದವು. ಅಂಗಡಿಯ ಹಿಂದೆ ಹಮಾಲರು ಯಾರನ್ನೋ ಹಾಸ್ಯ ಮಾಡುತ್ತ ಗರ್ಮಿ ಅನ್ನುವ ಮಾತಾಡಿದ್ದು ಒಮ್ಮೆ ಅವಳ ಕಿವಿಗೆ ಬಿತ್ತು. ಸೂಳೆಗೇರಿಗೆ ಹೋದವರಿಗೆ ಅಂಟುವ ರೋಗ ಅದು ಎಂದು ಅವತ್ತು ತಿಳಿಯಿತು. ಸತ್ತು ಹುಟ್ಟಿದ ಕೂಸುಗಳಿಗೂ ಅದಕ್ಕೂ ನಂಟಿದೆ ಎಂದು ಯಾರೂ ಹೇಳಿರಲಿಲ್ಲ. ಆದರೂ ಅವಳ ಕರುಳು ಹೇಳುತ್ತಿತ್ತು.

ದವಾಖಾನೆಗೆ ಹೋಗುವ ಮುಂಚೆ, ಬಾವಿಯಿಂದ ನೀರು ಸೇದುವಾಗೆಲ್ಲ ಅವಳು ಮಾತು ಜೋಡಿಸಿಕೊಂಡಳು. ನನಗೊಂದು ಹುಣ್ಣು ಆಗಿತ್ರಿ, ಅಂತ ಶುರು ಮಾಡಬೇಕು. ಗಂಡನ ಹೆಸರೆತ್ತದೆ ಎಷ್ಟು ಹೇಳಲು ಬರುತ್ತದೋ ಅಷ್ಟು ಹೇಳಬೇಕು. ಡಾಕ್ಟರಮ್ಮ ಹೆಂಗಸಲ್ಲವೇ, ಉಳಿದದ್ದನ್ನು ತಾನೇ ತಿಳಿದುಕೊಳ್ಳುತ್ತಾಳೆ.

ದವಾಖಾನೆಯ ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ನೆಲದ ಮೇಲೆ ಕೂತಿದ್ದರು. ಕಿಟಕಿಯೊಳಗಿಂದ ಗುಮಾಸ್ತನೊಬ್ಬ ಅಚ್ಚಾದ ಒಂದು ಹಾಳೆ ಹಿಡಿದು ಒಬ್ಬೊಬ್ಬರನ್ನೇ ಕೂಗಿ ಕೇಳುತ್ತಿದ್ದ. ಅವನ ದನಿ ಕೂತವರಿಗೆಲ್ಲ ಕೇಳಿಸುತ್ತಿತ್ತು. ಪಂಪಮ್ಮನಿಗಿಂತ ಮುಂದೆ ಇದ್ದವಳು ಬಂಡ್ರಿಯಿಂದ ಬಂದ ದುರುಗವ್ವ ಅನ್ನುವ ಕೂಲಿ ಹೆಂಗಸು. ಅವನು ಒಂದು ಸಾಲು ಓದಿ ಮುಗಿಸುವ ಮುಂಚೆಯೇ ಅವಳು, ನೊಣ ಓಡಿಸಿದ ಹಾಗೆ, ಇಲ್ರಿ, ಇಲ್ರಿ ಅನ್ನುತ್ತಿದ್ದಳು. ಊಟ ಸೇರುತ್ತದೋ ಅಂತ ಕೇಳಿದ್ದಕ್ಕೂ ಇಲ್ರಿ ಅಂದಳು. ಗುಮಾಸ್ತ ಹಾಗೆಯೇ ಬರೆದುಕೊಂಡ.

ಪಂಪಮ್ಮನ ಸರದಿ ಬಂತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯವರ ಮಗಳು, ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ಎಂದು ಜಂಬಮ್ಮ ಹೆಮ್ಮೆಯಿಂದ ಹೇಳಿದಳು. ಗುಮಾಸ್ತನಿಗೂ ಬರೆಯುವ ಕೆಲಸ ತಪ್ಪಿದಂತಾಯಿತು. ಹಾಗಾದರೆ ಹಾಳೆಯನ್ನು ಮನೆಗೇ ಒಯ್ದು, ತುಂಬಿ, ಕೆಳಗೆ ಯಜಮಾನರ ರುಜು ಹಾಕಿಸಿಕೊಂಡು ಬರಲಿ, ಆಮೇಲೇ ಡಾಕ್ಟರಮ್ಮ ನೋಡುವುದು ಎಂದು ಹೇಳಿ ಕೈಗೆ ಕೊಟ್ಟುಬಿಟ್ಟ.

ಜಟಕಾದಲ್ಲಿ ಬರುತ್ತಲೇ ಪಂಪಮ್ಮ ಓದತೊಡಗಿದಳು. ಮದರಾಸಿನಲ್ಲಿ ಅಚ್ಚಾದ ಹಾಳೆ. ಅಕ್ಷರ ಕನ್ನಡದ್ದೇ, ಮಾತು ಮಾತ್ರ ಕೋರ್ಟಿನದು. ಹೆಸರು, ಊರು, ಜಾತಿ, ವಯಸ್ಸು ಆದ ಮೇಲೆ ಜೀವಂತ ಶಿಶುಗಳ ಸಂಖ್ಯೆ ಎಂದಿತ್ತು. ಅದರ ಕೆಳಗೆ ನಷ್ಟವಾದ ಶಿಶುಗಳ ಸಂಖ್ಯೆ, ನಷ್ಟಕ್ಕೆ ಕಾರಣ. ಬರೆಯುವುದಕ್ಕೆ ಬಿಟ್ಟ ಜಾಗ ಒಂದು ಬೆರಳಗಲ. ನಷ್ಟ ಅನ್ನುವುದು ಅವರ ಮನೆಯಲ್ಲಿ ದಿನಾ ಕೇಳುವ ಮಾತೇ. ಬೆಲ್ಲ ಮಳೆಗೆ ಸಿಕ್ಕಿ ಕರಗಿದರೆ ನಷ್ಟ, ಬೆಲ್ಲದ ಪೆಂಟಿಗೆ ಇರುವೆ ಹತ್ತಿದರೆ ನಷ್ಟ. ಅವಳ ಕೂಸುಗಳನ್ನು ಯಾರೂ ಇದುವರೆಗೆ ಆ ಮಾತಿನಿಂದ ಕರೆದಿರಲಿಲ್ಲ. ಅವಳು ಹಾಳೆಯನ್ನು ಮಡಿಲಲ್ಲಿ ಮಗುಚಿ ಹಾಕಿಕೊಂಡು ಸ್ವಲ್ಪ ಹೊತ್ತು ದಾರಿ ನೋಡುತ್ತ ಕೂತಳು.

ಮನೆಗೆ ಬಂದು ಉಳಿದದ್ದನ್ನು ಓದಿದಳು. ಹಾಳೆಯ ನಡುವೆ, ಕಪ್ಪು ಗೆರೆ ಎಳೆದ ಒಂದು ಚೌಕವಿತ್ತು. ರೋಗಿಗೆ ಈ ಕೆಳಕಂಡ ದೋಷಗಳು ಉಂಟೋ ಇಲ್ಲವೋ, ಹುಚ್ಚು, ಕುಷ್ಠ, ಮದ್ಯಪಾನ, ದುರ್ನಡತೆಯಿಂದ ಬಂದ ಗುಹ್ಯರೋಗ. ಇಷ್ಟಕ್ಕೂ ಸೇರಿ ಉತ್ತರ ಬರೆಯುವ ಜಾಗ ಒಂದೇ. ಅದರ ಬುಡಕ್ಕೇ, ಮೇಲಿನದೆಲ್ಲವೂ ಸತ್ಯ, ರೋಗಿಯ ಗಂಡನ ರುಜು ಎಂದಿತ್ತು.

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ರೋಗಿ ಎಂದರೆ ತಾನು. ದುರ್ನಡತೆ ಎಂದರೆ ತನ್ನದು. ಇಲ್ಲಿ ಉಂಟು ಎಂದು ಬರೆದರೆ ತಾನು ಹುಚ್ಚಿ, ಕುಷ್ಠದವಳು, ಕುಡುಕಿ, ಸೂಳೆ, ಎಲ್ಲವೂ ಆಗುತ್ತಾಳೆ. ಅದರ ಕೆಳಗೆ ಗಂಡ ಸತ್ಯವೆಂದು ರುಜು ಹಾಕಬೇಕು. ಬಾವಿಕಟ್ಟೆಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದಕ್ಕೂ ಆ ಚೌಕದೊಳಗೆ ಜಾಗವಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಕೊಟ್ರಯ್ಯನ ಮುಂದೆ ಹಾಳೆಯನ್ನೂ ಸೀಸದ ಕಡ್ಡಿಯನ್ನೂ ಇಟ್ಟಳು. ಜಂಬಮ್ಮ ಅಡುಗೆಮನೆಯಲ್ಲಿದ್ದಳು. ಕೊಟ್ರಯ್ಯ ಮೇಲಿನಿಂದ ಓದುತ್ತ ಬಂದ. ಚೌಕದ ಹತ್ತಿರ ಬಂದಾಗ ಅವನ ತುಟಿ ಅಲ್ಲಾಡುವುದು ನಿಂತಿತು. ಬಹಳ ಹೊತ್ತು ಅಲ್ಲೇ ನೋಡುತ್ತಿದ್ದ. ಆಮೇಲೆ ತಲೆ ಎತ್ತದೆಯೇ ಕೇಳಿದ.

"ಇದನ್ನ ಯಾರ್ಯಾರು ಓದ್ತಾರ?"

"ಗುಮಾಸ್ತ ಓದ್ತಾನ್ರಿ. ಆಮ್ಯಾಲ ಡಾಕ್ಟರಮ್ಮ."

ಗುಮಾಸ್ತನ ಅಳಿಯ ಬೆಲ್ಲದ ಪೇಟೆಯಲ್ಲೇ ತೂಕದ ಕೆಲಸಕ್ಕಿದ್ದ. ಅದನ್ನು ಇಬ್ಬರೂ ಬಲ್ಲರು, ಇಬ್ಬರೂ ಆಡಲಿಲ್ಲ. ಕೊಟ್ರಯ್ಯ ಹಾಳೆಯನ್ನು ಹೆಂಡತಿಯ ಕಡೆಗೆ ಸರಿಸಿದ. ನೀನ ಬರಿ, ಅಂದ. ಅವಳು ಕಡ್ಡಿ ಹಿಡಿದುಕೊಂಡು ಅವನ ಮುಖ ನೋಡಿದಳು. ಅವನೇನಾದರೂ ಹೇಳಿಯಾನು, ಒಂದು ಮಾತು, ಅರ್ಧ ಮಾತು. ಅವನೂ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಉಂಟು ಎಂದು ಬರೆದರೆ ತಾನು ಬೇಡವೆನ್ನುವುದಿಲ್ಲ ಎಂಬ ಹಾಗೆ ಸುಮ್ಮನೆ ಕೂತಿದ್ದ. ಒಳಗಿನಿಂದ ಜಂಬಮ್ಮ, ಬರೆದದ್ದು ಆಯಿತೇ, ಸಾರು ಆರುತ್ತಿದೆ ಎಂದು ಕೂಗಿದಳು.

ಪಂಪಮ್ಮ ಇಲ್ಲ ಎಂದು ಬರೆದಳು. ನಷ್ಟಕ್ಕೆ ಕಾರಣ ಅಂದಲ್ಲಿ ದೈವೇಚ್ಛೆ ಎಂದು ಬರೆದಳು. ಕೊಟ್ರಯ್ಯ ರುಜು ಹಾಕಿ ಕೈತೊಳೆಯಲು ಎದ್ದ.

ಡಾಕ್ಟರಮ್ಮ ಅನಂತಪುರದ ಕಡೆಯವರು. ತೆಲುಗು ಬೆರೆತ ಕನ್ನಡದಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು, ಹೊಟ್ಟೆ ಮುಟ್ಟಿ ನೋಡುವಾಗ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಎರಡೂ ಕೂಸು ಹಾಗೆಯೇ ಹೋದವು ಎಂದು ಕೇಳಿ ಅವರ ಹುಬ್ಬು ಕೂಡಿತು. ಮೇಜಿನ ಮೇಲಿದ್ದ ಹಾಳೆಯ ಚೌಕದ ಮೇಲೆ ಬೆರಳಿಟ್ಟು, ಇದೇನೂ ಇಲ್ಲ ತಾನೇ ಎಂದು ಕೇಳಿದರು. ಪರದೆಯ ಆಚೆ ಜಂಬಮ್ಮ ಕೆಮ್ಮಿದಳು. ಪಂಪಮ್ಮ ತಲೆ ಅಲ್ಲಾಡಿಸಿದಳು. ಉಂಟು ಎಂದವರ ರಕ್ತವನ್ನು ಮಾತ್ರ ಮದರಾಸಿಗೆ ಕಳಿಸಿ ನೋಡಿಸುವ ರೂಢಿ. ಡಾಕ್ಟರಮ್ಮ ರಕ್ತ ಹೆಚ್ಚಿಸುವ ಟಾನಿಕ್ಕು ಬರೆದುಕೊಟ್ಟು, ಭಾರ ಎತ್ತಬೇಡಿ ಎಂದು ಹೇಳಿ ಕಳಿಸಿದರು.

ಈ ಸಲ ದವಾಖಾನೆಯಲ್ಲೇ ಹೆತ್ತಳು, ಕೂಸು ಜೀವಂತ ಹುಟ್ಟಿತು. ಗಂಡು. ಅಳು ಕೇಳಿ ಜಂಬಮ್ಮ ಪಡಸಾಲೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿದರು. ಆದರೆ ಪಂಪಮ್ಮ ಕೂಸಿನ ಮುಖ ನೋಡಿದ ಕೂಡಲೇ ಹೆದರಿದಳು. ಅದಕ್ಕೆ ಮುದುಕನ ಮುಖವಿತ್ತು. ಮೂಗು ಕಟ್ಟಿಕೊಂಡು ಗೊರಗೊರ ಅನ್ನುತ್ತಿತ್ತು, ಮೊಲೆ ಹಿಡಿದರೆ ಉಸಿರಾಡಲಾಗದೆ ಬಿಟ್ಟುಬಿಡುತ್ತಿತ್ತು. ಅಂಗೈ ಅಂಗಾಲುಗಳ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತಿತ್ತು. ಅಲ್ಲಿ ತಾಮ್ರದ ಬಣ್ಣ ಕಂಡಿತು.

ಡಾಕ್ಟರಮ್ಮನಿಗೂ ಕಂಡಿತು. ಅವರು ಕೂಸಿನ ಅಂಗಾಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಆಮೇಲೆ, "ಹಾಳೆಯಲ್ಲಿ ಇಲ್ಲ ಅಂತ ಬರೆದಿದ್ದೀರಲ್ಲಮ್ಮಾ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಪಂಪಮ್ಮ ಗೋಡೆಯ ಕಡೆ ಹೊರಳಿದಳು.

ಅಂದೇ ಔಷಧ ಶುರುಮಾಡಿದರು. ಆದರೆ ಅಷ್ಟು ಸಣ್ಣ ಜೀವಕ್ಕೆ ಎಷ್ಟೆಂದು ಕೊಡುವುದು? ಹುಣ್ಣಿಮೆಗೆ ಹುಟ್ಟಿದ್ದು ಅಮಾವಾಸ್ಯೆ ದಾಟಲಿಲ್ಲ. ತಾಯಿಯ ತೋಳಿನ ಮೇಲೆಯೇ, ಹಾಲು ಕುಡಿಯಲು ಬಾಯಿ ತೆರೆದು, ಹಾಗೆಯೇ ನಿಂತುಬಿಟ್ಟಿತು. ಲಿಂಗ ಕಟ್ಟಿದ ಕೂಸಾದ್ದರಿಂದ ಕೊಟ್ರಯ್ಯನೇ ಎತ್ತಿಕೊಂಡು ಹೋಗಿ ರುದ್ರಭೂಮಿಯಲ್ಲಿ ಮಣ್ಣು ಮಾಡಿ ಬಂದ.

ಪಂಪಮ್ಮನಿಗೆ ಜ್ವರ ಬಂದು ಇನ್ನೂ ಕೆಲವು ದಿನ ದವಾಖಾನೆಯಲ್ಲೇ ಇರಬೇಕಾಯಿತು. ಅಲ್ಲಿ ತಾಯಕ್ಕ ಅನ್ನುವ ನರ್ಸಮ್ಮ ಇದ್ದಳು. ದರೋಜಿಯವಳು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬಳ್ಳಾರಿಯಲ್ಲಿ ಸೂಲಗಿತ್ತಿ ಕೆಲಸ ಕಲಿತು ಬಂದಿದ್ದಳು. ಒಂದು ಮಧ್ಯಾಹ್ನ ಜಂಬಮ್ಮ ಬುತ್ತಿ ತರಲು ಮನೆಗೆ ಹೋಗಿದ್ದಾಗ ತಾಯಕ್ಕ ಬಂದು ಮಂಚದ ಬಳಿ ನೆಲದ ಮೇಲೆ ಕೂತಳು. ಕೈಯಲ್ಲಿ ಹಾಳೆಯಿರಲಿಲ್ಲ. ಹಾಲು ಕಟ್ಟಿ ಬಿಗಿದಿದ್ದ ಎದೆಗೆ ಬಿಸಿನೀರಿನ ಬಟ್ಟೆ ಇಡುತ್ತ ಕೂತವಳು, ಊರ ಸುದ್ದಿ ಆಡುವ ದನಿಯಲ್ಲೇ ಕೇಳಿದಳು.

"ನಿನ್ನ ಮೊದಲನೇ ಕೂಸು ಹೆಂಗಿತ್ತು, ಹೇಳು ತಂಗಿ."

ಪಂಪಮ್ಮ ಬೆಚ್ಚಿದಳು. ಆ ಕೂಸು ಹೇಗಿತ್ತು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ತವರಿನಲ್ಲೂ ಕೇಳಿರಲಿಲ್ಲ. ಅದು ಹೆಣ್ಣು ಎಂದಳು. ತಲೆತುಂಬ ಕೂದಲಿತ್ತು ಎಂದಳು. ಬೆರಳು ಉದ್ದ, ತನ್ನ ಅವ್ವನ ಬೆರಳಿನ ಹಾಗೆ. ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಎರಡನೆಯದು, ಅದರ ಮುಂಚಿನ ಹುಣ್ಣು, ಅಂಗೈಯ ಕಲೆ, ಬಳ್ಳಾರಿ, ಹಕೀಮನ ಗುಳಿಗೆ, ಎಲ್ಲವನ್ನೂ ಹೇಳಿದಳು. ಬಾವಿಕಟ್ಟೆಯಲ್ಲಿ ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ, ಬೇಕಾಗಲೂ ಇಲ್ಲ. ತಾಯಕ್ಕ ನಡುವೆ ಬಾಯಿ ಹಾಕದೆ ಬಟ್ಟೆ ಹಿಂಡಿ ಹಿಂಡಿ ಇಡುತ್ತಿದ್ದಳು.

ಎಲ್ಲ ಕೇಳಿದ ಮೇಲೆ ತಾಯಕ್ಕ ತನಗೆ ಗೊತ್ತಿದ್ದನ್ನು ಹೇಳಿದಳು. ಇದು ನಿನ್ನ ನಡತೆಯಿಂದ ಬಂದದ್ದಲ್ಲ. ಗಂಡಂದಿರಿಂದ ಬರುತ್ತದೆ, ಈ ಊರಲ್ಲಿ ಎಷ್ಟೋ ಮನೆಯಲ್ಲಿದೆ, ಒಬ್ಬರೂ ಬಾಯಿಬಿಡುವುದಿಲ್ಲ. ಮೇಲೆ ಕಲೆ ಮಾಯವಾದರೂ ರಕ್ತದಲ್ಲಿ ಉಳಿದು ಹೊಟ್ಟೆಯ ಕೂಸನ್ನು ತಿನ್ನುತ್ತದೆ. ಸೂಜಿ ಔಷಧವಿದೆ, ವಾರ ವಾರ ಬಂದು ತಪ್ಪದೆ ಹಾಕಿಸಿಕೊಂಡರೆ ಹೋಗುತ್ತದೆ.

ಪಂಪಮ್ಮ ಕೇಳಿದಳು.

"ಆ ಹಾಳ್ಯಾಗ ಉಂಟು ಅಂತ ಬರದಿದ್ರ, ಈ ಕೂಸು ಉಳೀತಿತ್ತೇನಕ್ಕಾ?"

ತಾಯಕ್ಕ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಉಳದಿದ್ರೂ ಉಳೀತಿತ್ತವ್ವ. ಬಸುರಿದ್ದಾಗ ಸೂಜಿ ಹಾಕಿದವರವು ಬಳ್ಳಾರ್ಯಾಗ ಭಾಳ ಉಳದಾವ." ಬಟ್ಟೆ ಹಿಂಡುತ್ತ ಅಂದಳು, "ಆದ್ರ ಆ ಹಾಳ್ಯಾಗ ಉಂಟು ಅಂತ ಬರದ ಹೆಣ್ಮಗಳನ್ನ ನಾ ಇನ್ನೂ ನೋಡಿಲ್ಲ."

ಪಂಪಮ್ಮ ಅವತ್ತು ಅತ್ತಳು. ಕೂಸು ಸತ್ತಾಗ ಬಾರದ ಅಳು ಅವತ್ತು ಬಂತು. ಜಂಬಮ್ಮ ಬುತ್ತಿ ಹಿಡಿದು ಬಂದಾಗ ಎದೆನೋವೆಂದು ತಾಯಕ್ಕನೇ ಸಾವರಿಸಿದಳು.

ಮನೆಗೆ ಬಂದ ಮೇಲೆ ಗಂಡನಿಗೆ ಹೇಳಿದಳು. ಹಿತ್ತಲಿನಲ್ಲಿ ಅವನು ಎತ್ತಿಗೆ ನೀರು ಕುಡಿಸುತ್ತಿದ್ದ. ತಾಯಕ್ಕ ಹೇಳಿದಷ್ಟನ್ನು, ಒಂದು ಬೈಗುಳವೂ ಸೇರಿಸದೆ ಹೇಳಿದಳು. ಅವನು ಎತ್ತಿನ ಕೊರಳ ಮೇಲೆ ಕೈಯಿಟ್ಟುಕೊಂಡು ಕೇಳಿದ. ಅವತ್ತು ನೀನು ಬರೆಯುತ್ತೀಯೆಂದು ಕಾದಿದ್ದೆ ಅಂದ. ನೀವು ಹೇಳುತ್ತೀರೆಂದು ನಾನು ಕಾದಿದ್ದೆ ಅಂದಳು ಅವಳು. ಅವನು ಗುರುತಿನವರಿಲ್ಲದ ಕಡೆ ಎಂದು ಬಳ್ಳಾರಿಗೆ ಹೋಗಿ ಕೆಲವು ಸೂಜಿ ಹಾಕಿಸಿಕೊಂಡ. ವಾಂತಿಯಾಯಿತು, ತೋಳು ಬಾತಿತು. ಸುಗ್ಗಿಯ ನೆವ ಹೇಳಿ ಬಿಟ್ಟುಬಿಟ್ಟ. ಪಂಪಮ್ಮ ಬಿಡಲಿಲ್ಲ. ನಿಶ್ಶಕ್ತಿಗೆ ಔಷಧವೆಂದು ಅತ್ತೆಗೆ ಹೇಳಿ ವಾರ ವಾರ ಸ್ಟೇಷನ್ ರಸ್ತೆಗೆ ನಡೆದಳು. ಆದರೆ ಒಂದು ಮನೆಯಲ್ಲಿ ಒಬ್ಬರೇ ವಾಸಿಯಾಗುವ ರೋಗ ಅದಲ್ಲವೆಂದು ಡಾಕ್ಟರಮ್ಮ ಹೇಳಿದ್ದರು. ಅವಳು ಬೇರೆ ಹಾಸಿಕೊಳ್ಳತೊಡಗಿದಳು.

ದವಾಖಾನೆಯ ಹಾಳೆಯೂ ಆ ದಿನಗಳಲ್ಲಿ ಬದಲಾಯಿತು. ಪಂಪಮ್ಮನ ಕೂಸು ಹೋದ ಮೇಲೆ ಡಾಕ್ಟರಮ್ಮ ಹಳೆಯ ಹಾಳೆಗಳ ಕಟ್ಟು ಬಿಚ್ಚಿಸಿ ಕೂತರಂತೆ. ಎಲ್ಲ ಚೌಕದಲ್ಲೂ ಇಲ್ಲ, ಇಲ್ಲ, ಇಲ್ಲ. ಹಾಳೆ ಬದಲಿಸಬೇಕೆಂದು ದವಾಖಾನೆ ಕಟ್ಟಿಸಿದ ಹತ್ತಿ ವ್ಯಾಪಾರಿಗೆ ಬರೆದರು. ಇರುವ ಹಾಳೆ ಮುಗಿಯಲಿ ಎಂದು ಅವರು ಹೇಳಿ ಕಳಿಸಿದರು. ಹಾಳೆ ಮುಗಿಯುವವರೆಗೆ ಇನ್ನೆಷ್ಟು ಬಸುರಿಯರು ಇಲ್ಲ ಎಂದು ಬರೆದರೋ. ಪಂಪಮ್ಮನಂತೆ ಹೆತ್ತ ಮೇಲೆ ರೋಗ ತಿಳಿದು ಸೂಜಿಗೆ ಬರುವ ಹೆಂಗಸರನ್ನು ಡಾಕ್ಟರಮ್ಮ ಒಬ್ಬೊಬ್ಬರನ್ನೇ ಒಳಗೆ ಕರೆದು, ಹೇಗೆ ಕೇಳಿದ್ದರೆ ಹೇಳುತ್ತಿದ್ದಿರಿ ಎಂದು ಕೇಳಿದರು. ಗಂಡನ ರುಜು ಬೇರೆ ಹಾಳೆಯಲ್ಲಿರಲಿ ಎಂದು ಎಲ್ಲರೂ ಹೇಳಿದರು. ಪಂಪಮ್ಮ ನಷ್ಟ ಅನ್ನಬೇಡಿರಿ ಎಂದಷ್ಟೇ ಹೇಳಿದಳು.

ಹೊಸ ಹಾಳೆ ಬಂದಾಗ ತಾಯಕ್ಕ ಒಂದನ್ನು ತಂದು ತೋರಿಸಿದಳು. ಚೌಕವಿರಲಿಲ್ಲ. ಹುಚ್ಚು, ಕುಷ್ಠದ ಮಾತು ಹೋಗಿ, ಯಾವಾಗಲಾದರೂ ಹುಣ್ಣು, ಕಲೆ, ಮೈಮೇಲೆ ಗುಳ್ಳೆ ಎದ್ದಿದ್ದವೇ ಎಂದು ಮನೆಮಾತಿನಲ್ಲಿ ಕೇಳಿತ್ತು. ಇದು ಯಾರಿಗೆ ಬೇಕಾದರೂ ಬರಬಹುದು, ಔಷಧವಿದೆ ಎಂದು ಅದರ ಪಕ್ಕದಲ್ಲಿತ್ತು. ತೀರಿಕೊಂಡ ಮಕ್ಕಳ ವಿಷಯ ಹೇಳಿರಿ ಎಂದು ಬರೆದು ಕೆಳಗೆ ಅಗಲವಾಗಿ ಜಾಗ ಬಿಟ್ಟಿತ್ತು. ಪಂಪಮ್ಮ ನಿಂತೇ ಓದಿ, ಚಲೋ ಐತಿ ಎಂದು ಹಿಂದಕ್ಕೆ ಕೊಟ್ಟಳು. ತುಂಬಲು ಅವಳಿಗೆ ಕಾರಣವಿರಲಿಲ್ಲ.

ವರ್ಷ ಕಳೆದು ಮತ್ತೊಂದು ಸುಗ್ಗಿ ಬಂತು. ಸೊಸೆ ಬಸುರಾಗಲಿಲ್ಲ. ಜಂಬಮ್ಮ ಕಂಪ್ಲಿಯ ದೂರದ ನಂಟರಲ್ಲಿ ವಿರುಪಮ್ಮ ಅನ್ನುವ ಹುಡುಗಿಯನ್ನು ನೋಡಿಟ್ಟಳು. ಮನೆಗೆ ಒಂದು ಬಳ್ಳಿ ಬೇಕಲ್ಲ, ನಿನ್ನ ಮಾನಕ್ಕೇನೂ ಕಡಿಮೆಯಾಗುವುದಿಲ್ಲ, ಹಿರಿಯಳು ನೀನೇ ಎಂದು ಸೊಸೆಗೆ ಸಮಾಧಾನ ಹೇಳಿದಳು. ಕೊಟ್ರಯ್ಯ ಒಲ್ಲೆ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಪಂಪಮ್ಮ ಅವನನ್ನು ಒಮ್ಮೆ ಕೇಳಿದಳು, ನೀವು ಅವ್ವನಿಗೆ ಹೇಳುತ್ತೀರೋ, ನಾನು ಹೇಳಲೋ ಎಂದು. ಅವನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ.

ಸವತಿಯ ಸಂಕಟಕ್ಕಿಂತ ಅವಳಿಗೆ ಆ ಹುಡುಗಿಯ ಅಂಗೈ ಕಣ್ಣಿಗೆ ಕಟ್ಟುತ್ತಿತ್ತು. ಗೋರಂಟಿ ಹಚ್ಚಿಕೊಂಡು ಬರುತ್ತಾಳೆ. ಆ ಬಣ್ಣ ಮಾಸಿದ ಮೇಲೆ ಬೇರೆ ಬಣ್ಣ ಏಳುತ್ತದೆ.

ಬೆಳಗಿನ ಹೊತ್ತು, ಅತ್ತೆ ಸೊಸೆ ಇಬ್ಬರೇ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಹೇಗೆ ಹೇಳುವುದು? ನಿಮ್ಮ ಮಗನಿಗೆ ಕೆಟ್ಟ ರೋಗವಿದೆ ಎಂದರೆ ಅದೇ ಕಪ್ಪು ಗೆರೆಯ ಚೌಕವಾಗುತ್ತದೆ. ಜಂಬಮ್ಮ ಇಲ್ಲ ಎಂದುಬಿಡುತ್ತಾಳೆ, ಅಲ್ಲಿಗೆ ಮುಗಿಯಿತು. ಪಂಪಮ್ಮ ಮೊರ ಕೆಳಗಿಟ್ಟಳು. ಹರಕೆಯ ಮಗನಿಗಿಂತ ಮುಂಚೆ ಈ ಮನೆಯಲ್ಲಿ ಕೂಸುಗಳು ಹುಟ್ಟಿ ಹೋಗಿದ್ದವೆಂದು ಓಣಿಯ ಮುದುಕಿಯರ ಬಾಯಲ್ಲಿ ಕೇಳಿದ್ದಳು.

"ಅತ್ತೀ, ನಿಮ್ಮ ಮೊದಲನೇ ಕೂಸು ಹೆಂಗಿತ್ರಿ?"

ಜಂಬಮ್ಮನ ಕೈ ಜೋಳದಲ್ಲೇ ನಿಂತಿತು. ಯಾಕೆ ಕೇಳುತ್ತೀ ಎಂದು ಗದರಿಸಿಯಾಳೆಂದು ಪಂಪಮ್ಮ ಕಾದಳು. ಜಂಬಮ್ಮ ಗದರಿಸಲಿಲ್ಲ. ಬೇರೆ ಯಾರದೋ ದನಿಯಲ್ಲಿ, ಅದು ಕರ್ರಗಾಗಿ ಬಂತು ಅಂದಳು. ಸಿಪ್ಪೆ ಎದ್ದಿತ್ತು. ಆಮೇಲಿನದೂ ಹಾಗೆಯೇ. ಅದರ ಆಮೇಲಿನದು ಉಸಿರಾಡಿತು, ಗೊರಗೊರ ಅನ್ನುತ್ತಿತ್ತು, ಹಾಲು ಕುಡಿಯಲಾರದೆ ಹೋಯಿತು. ಇನ್ನೂ ಒಂದು ಹೋಯಿತು. ಆಮೇಲೆ ಕೊಟ್ರ ಹುಟ್ಟಿದ, ಇವನೊಬ್ಬ ಉಳಿದ.

"ನಿನ್ನ ಕೂಸಿನ ಅಂಗಾಲು ನೋಡಿದ ದಿನಾನ ನನಗ ಗೊತ್ತಾತು" ಅಂದಳು ಜಂಬಮ್ಮ. "ನಿಮ್ಮ ಮಾವಗೂ ಇತ್ತು. ನನಗ ಯಾರೂ ಕೇಳಲಿಲ್ಲವ್ವಾ. ಕೇಳಿದ್ರ ಹೇಳ್ತಿದ್ದೆನೋ ಏನೋ."

ಪಂಪಮ್ಮನಿಗೆ ಸಿಟ್ಟು ಬರಬೇಕಾಗಿತ್ತು. ಗೊತ್ತಿದ್ದೂ ಇನ್ನೊಂದು ಹುಡುಗಿಯನ್ನು ತರಲು ಹೊರಟಿದ್ದಳಲ್ಲ ಈ ಮುದುಕಿ. ಆದರೆ ಎದುರಿಗೆ ಕೂತವಳು ಬರಿಗೈಯಿಂದ ಜೋಳವನ್ನು ಅತ್ತ ಇತ್ತ ಸರಿಸುತ್ತಿದ್ದಳು. ಮಗನಿಗೆ ಇನ್ನೂ ಗುಣವಾಗಿಲ್ಲವೆಂದು ಮಾತ್ರ ತಿಳಿಸಿದಳು. ಔಷಧವಿದೆಯೆಂದು ಹೇಳಿದಳು. ಔಷಧವಿದೆಯೇ ಎಂದು ಜಂಬಮ್ಮ ಮತ್ತೊಮ್ಮೆ ಕೇಳಿದಳು, ನಂಬಿಕೆಯಾಗದವಳ ಹಾಗೆ.

ಕಂಪ್ಲಿಗೆ ಆ ವಾರವೇ ಮಾತು ಹೋಯಿತು, ಜಾತಕ ಕೂಡಲಿಲ್ಲವೆಂದು. ಜಂಬಮ್ಮ ಮಗನ ಜೊತೆ ಏನು ಮಾತಾಡಿದಳೋ ಪಂಪಮ್ಮನಿಗೆ ತಿಳಿಯಲಿಲ್ಲ. ವಾರಕ್ಕೊಮ್ಮೆ ಅತ್ತೆಯೇ ನಸುಕಿನಲ್ಲೆದ್ದು ರೊಟ್ಟಿ ಕಟ್ಟಿ, ಬಳ್ಳಾರಿಯ ರೈಲಿಗೆ ಹೊತ್ತಾಯಿತೆಂದು ಅವನನ್ನು ಎಬ್ಬಿಸುತ್ತಿದ್ದಳು. ಅವನು ಹೋಗುತ್ತಿದ್ದ. ಈ ಸಲ ಸುಗ್ಗಿಯ ನೆವ ಬರಲಿಲ್ಲ. ಎಲ್ಲ ಮುಗಿಸಿಕೊಂಡು, ರಕ್ತ ಚೊಕ್ಕವಾಗಿದೆಯೆಂದು ಮದರಾಸಿನ ಕಾಗದ ಬರುವ ಹೊತ್ತಿಗೆ ಪಂಪಮ್ಮನ ಮೈ ಬತ್ತಿತ್ತು. ಅವಳಿಗೆ ಮತ್ತೆ ಬಸುರು ನಿಲ್ಲಲಿಲ್ಲ. ಜಂಬಮ್ಮ ಎರಡನೆಯ ಮದುವೆಯ ಮಾತು ಮತ್ತೆ ಎತ್ತಲಿಲ್ಲ.

ಆ ಮಳೆಗಾಲದಲ್ಲಿ, ಕಾಲುವೆಗೆ ಹೊಸ ನೀರು ಬಿಟ್ಟ ದಿನ, ಜಂಬಮ್ಮ ಸೆರಗು ಹೊದ್ದುಕೊಂಡು ಬಾಗಿಲಲ್ಲಿ ನಿಂತು ಬಾ ಅಂದಳು. ಎಲ್ಲಿಗೆಂದು ಹೇಳಲಿಲ್ಲ. ಕಬ್ಬಿನ ಗದ್ದೆಗಳ ಬದುವಿನ ಮೇಲೆ ಅತ್ತೆ ಮುಂದೆ, ಸೊಸೆ ಹಿಂದೆ ನಡೆದರು. ಕಾಲುವೆ ತಿರುಗುವ ಕಡೆ ಹಳೆಯ ಹುಣಸೆಮರವೊಂದಿತ್ತು. ಅದರ ಬುಡದಲ್ಲಿ, ನೀರು ಮುಟ್ಟದ ಎತ್ತರದಲ್ಲಿ, ಒಂದೆರಡು ಚಪ್ಪಟೆ ಕಲ್ಲುಗಳಿದ್ದವು. ಸತ್ತು ಹುಟ್ಟಿದ ಕೂಸನ್ನು ಮಣ್ಣು ಮಾಡಲು ತಾಯಿ ಹೋಗುವ ಪದ್ಧತಿಯಿಲ್ಲ. ಜಂಬಮ್ಮನೇ ಬಟ್ಟೆಯಲ್ಲಿ ಸುತ್ತಿ ಎಲ್ಲಿಗೋ ಒಯ್ದಿದ್ದಳು. ಎಲ್ಲಿಗೆಂದು ಪಂಪಮ್ಮ ಕೇಳಿರಲಿಲ್ಲ.

"ಇದು ಕೂದಲಿನಾಕಿ" ಅಂದಳು ಜಂಬಮ್ಮ, ಹತ್ತಿರದ ಕಲ್ಲು ತೋರಿಸಿ. "ಇದು ಎರಡನೇದು." ಆಮೇಲೆ ಮರದ ಆಚೆಗೆ ನಡೆದು, ಹುಲ್ಲು ಮುಚ್ಚಿದ ಜಾಗವನ್ನು ಕಾಲಿನಿಂದ ಮೆಲ್ಲಗೆ ಬಿಡಿಸುತ್ತ, ತನ್ನವುಗಳನ್ನು ಹುಡುಕತೊಡಗಿದಳು. ಪಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಪಕ್ಕದಲ್ಲಿ ಮೊಣಕಾಲೂರಿ ಹುಲ್ಲು ಕೀಳುತ್ತ ಹೋದಳು. ಎರಡು ಕಲ್ಲು ಸಿಕ್ಕವು. ಉಳಿದವು ಸಿಗಲಿಲ್ಲ. ಬಿಸಿಲೇರುವವರೆಗೆ ಇಬ್ಬರೂ ಹುಡುಕಿದರು.